ಸುಲಿದ ಹಣ್ಣು

ಕಮಲಾಪುರದಲ್ಲಿ ರಾಹೇಲಮ್ಮನ ಮನೆಯ ಬಾಗಿಲು ಹಗಲಲ್ಲಿ ಮುಚ್ಚಿದ್ದನ್ನು ಕಂಡವರಿಲ್ಲ. ಗಂಡ ದೇವದಾನಪ್ಪ ಮಿಷನ್ನಿನವರ ಸಣ್ಣ ಶಾಲೆಯ ಮಾಸ್ತರ. ಶಾಲೆ ಬಿಟ್ಟ ಮೇಲೂ ಹುಡುಗರು ಅವನ ಬೆನ್ನು ಬಿಡದೆ ಮನೆಯವರೆಗೆ ಬರುತ್ತಿದ್ದರು. ರಾಹೇಲಮ್ಮ ರೊಟ್ಟಿ ಬಡಿಯುವಳು, ಅವರು ತಿನ್ನುವರು. ಎಲ್ಲ ಅದೇ ಕೇರಿಯ ಮಕ್ಕಳು, ಬೇಡವೆನ್ನುವವರು ಯಾರು? ಬಂದ ಕೂಸನ್ನು ಬರಿಬಾಯಲ್ಲಿ ಕಳಿಸಬಾರದು ಎಂಬುದನ್ನು ಅವಳು ಪ್ರಾರ್ಥನೆಯ ಜೊತೆಗೇ ತಾಯಿಯಿಂದ ಕಲಿತಿದ್ದಳು.

ರಜಾಕಾರರ ಗದ್ದಲದ ವರ್ಷ ವಿಷಮಜ್ವರ ಬಂದು ದೇವದಾನಪ್ಪ ತೀರಿಕೊಂಡ. ಪೊಲೀಸ್ ಕಾರ್ಯಾಚರಣೆ ಮುಗಿದು ಬಸ್ಸುಗಳು ಧೈರ್ಯವಾಗಿ ಓಡಾಡತೊಡಗಿದ ಮೇಲೆ, ಮಗಳು ಕರುಣಾಳನ್ನು ದೊಡ್ಡ ಶಾಲೆಗೆ ಹಾಕಬೇಕೆಂದು ರಾಹೇಲಮ್ಮ ಕಲಬುರಗಿಗೆ ಬಂದಳು. ಸೇಡಂ ರಸ್ತೆಯ ಒಳಗಡೆ ಒಂದೇ ಕೋಣೆಯ ಮನೆ, ಹೊಟ್ಟೆಪಾಡಿಗೆ ಒಂದು ಹೊಲಿಗೆ ಮಷೀನು.

ಊರೇನೋ ದೊಡ್ಡದು. ಆದರೆ ಅವಳ ಹೊಸ್ತಿಲು ದಾಟಿ ಒಳಗೆ ಬಂದು ಕೂಡುವವರು ಒಬ್ಬರೂ ಇರಲಿಲ್ಲ. ಓಣಿಯ ಹೆಂಗಸರು ಕುಪ್ಪಸದ ಅರಿವೆ ತಂದು, ಬಾಗಿಲಲ್ಲೇ ನಿಂತು ಅಳತೆ ಹೇಳಿ ಹೋಗುವರು. ಅವಳು ಹೊಲಿದದ್ದು ಅವರ ಮೈಗೆ ಹತ್ತುತ್ತಿತ್ತು, ಅವಳ ಕೊಡದ ನೀರು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು, ಅದಕ್ಕೆ ಅವಳು ಸಿಟ್ಟಾಗಲಿಲ್ಲ. ಆದರೆ ಮಧ್ಯಾಹ್ನ ಮಷೀನು ನಿಂತರೆ ಮನೆ ಎಷ್ಟು ಸುಮ್ಮನಾಗುತ್ತಿತ್ತೆಂದರೆ ಅವಳ ಜೀವ ಹೆದರುತ್ತಿತ್ತು. ಅರಿವೆ ಇಲ್ಲದಾಗಲೂ ಬರಿದೇ ಮಷೀನು ತುಳಿಯುತ್ತ ಕೂಡುತ್ತಿದ್ದಳು.

ಅಂಥ ಮನೆಗೆ ಒಂದು ಸಂಜೆ ಕರುಣಾ ಇಬ್ಬರು ಗೆಳತಿಯರನ್ನು ಕರೆತಂದಳು. ನಜ್ಮಾ ಹಳೆಯ ಸರಕಾರದ ಕಚೇರಿಯಲ್ಲಿದ್ದ ಗುಮಾಸ್ತನ ಮಗಳು. ನೀಲಗಂಗಾ ಕಾಳಿನ ವ್ಯಾಪಾರಿ ಅಣವೀರಪ್ಪನ ಮಗಳು, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡವಳು. ರಾಹೇಲಮ್ಮ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ನಜ್ಮಾ ತಟ್ಟೆ ನೆಕ್ಕಿ ಕೆಳಗಿಟ್ಟಳು. ನೀಲಗಂಗಾ "ನಮ್ಮವ್ವ ಬೈತಾಳ" ಎಂದು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಆಸೆ ಇದ್ದವಳಿಗೆ ಉಪಾಯ ಹೊಳೆಯದೇ ಇರುತ್ತದೆಯೇ? ಸಿಪ್ಪೆಯಿದ್ದ ಹಣ್ಣಿಗೆ ಮೈಲಿಗೆಯಿಲ್ಲ. ತಿನ್ನುವವರು ತಾವೇ ಸುಲಿದುಕೊಂಡರೆ ಯಾವ ಮನೆಯದಾದರೂ ನಡೆಯುತ್ತದೆ. ಈ ಕಾಯಿದೆ ಮಾಡಿದ ಪುಣ್ಯಾತ್ಮರು ಯಾರೋ, ರಾಹೇಲಮ್ಮನ ಪಾಲಿಗೆ ಒಂದು ಕಿಂಡಿ ಬಿಟ್ಟಿದ್ದರು. ಅವಳು ಕಮಲಾಪುರದ ತಮ್ಮ ಯಾಕೋಬಪ್ಪನಿಗೆ ಹೇಳಿಕಳಿಸಿದಳು. ಅವನು ಬಸ್ಸಿನವರ ಕೈಯಲ್ಲಿ ಕೆಂಪು ಬಾಳೆಯ ಗೊನೆ ಕಳಿಸಿದ. ಅಂದಿನಿಂದ ಹಣ್ಣಿನ ಬುಟ್ಟಿಯನ್ನು ನೀಲಗಂಗಾಳ ಮುಂದಿಟ್ಟು ರಾಹೇಲಮ್ಮ ದೂರ ಸರಿದು ನಿಲ್ಲುವಳು. ಹುಡುಗಿ ತಾನೇ ಆರಿಸಿ, ತಾನೇ ಸುಲಿದು ತಿನ್ನುವಳು.

ಮನೆಗೆ ಜೀವ ಬಂತು. ಹುಡುಗಿಯರು ನಗುತ್ತಿದ್ದರು, ಜಗಳಾಡುತ್ತಿದ್ದರು, ಅವಳ ದಾರದ ಉಂಡೆ ಕದ್ದು ಬಚ್ಚಿಡುತ್ತಿದ್ದರು. ಬೈದಂತೆ ಮಾಡುತ್ತಲೇ ಅವಳು ಮರುದಿನದ ಸಂಜೆಗೆ ಕಾಯುತ್ತಿದ್ದಳು. ಮಗಳಿಗಿಂತ ತನಗೇ ಈ ಗೆಳೆತನ ಹೆಚ್ಚು ಬೇಕಾಗಿದೆ ಎಂದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಲು ಮಾತ್ರ ನಾಚಿಕೆ.

ಒಂದು ದಿನ ನೀಲಗಂಗಾ ಬಲಗೈಗೆ ಅರಿವೆ ಸುತ್ತಿಕೊಂಡು ಬಂದಳು. ಕಾದ ಹಂಚು ಮುಟ್ಟಿ ಅಂಗೈ ಸುಟ್ಟಿತ್ತು. ಉಳಿದಿಬ್ಬರು ಅಂಗಳದಲ್ಲಿದ್ದರು. ಅವಳು ಹಣ್ಣನ್ನು ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಸಿಪ್ಪೆ ಎಳೆಯಲು ಹೋದಳು. ಹಣ್ಣು ಜಾರಿ ಮಣ್ಣಿಗೆ ಬಿತ್ತು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆಗ ರಾಹೇಲಮ್ಮನಿಗೆ ಕಾಯಿದೆಯೂ ನೆನಪಿಲ್ಲ, ಕಟ್ಟಳೆಯೂ ನೆನಪಿಲ್ಲ. ಬೇರೆ ಹಣ್ಣು ಸುಲಿದು, ಮುರಿದು, ಹುಡುಗಿಯ ಬಾಯಿಗಿಟ್ಟಳು. ನೀಲಗಂಗಾ ತಿಂದು ಮತ್ತೆ ಬಾಯಿ ತೆರೆದಳು. ಹಣ್ಣು ಮುಗಿದ ಮೇಲೆಯೇ ತಾನೇನು ಮಾಡಿದೆ ಎಂದು ರಾಹೇಲಮ್ಮನಿಗೆ ಹೊಳೆದದ್ದು. "ಮನ್ಯಾಗ ಹೇಳಬ್ಯಾಡ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೂಸಿಗೆ ಸುಳ್ಳು ಕಲಿಸಬಾರದೆಂದು ನುಂಗಿಕೊಂಡಳು.

ಮರುದಿನ ಮಧ್ಯಾಹ್ನ ನೀಲಗಂಗಾಳ ತಾಯಿ ಶಿವಕಾಂತಮ್ಮ ಬಂದು ಬಾಗಿಲ ಹೊರಗೆ ನಿಂತಳು.

"ಒಳಗ ಬರ್ರಿ ಅವ್ವಾರ" ಎಂದಳು ರಾಹೇಲಮ್ಮ.

"ಇಲ್ರೀ, ಇಲ್ಲೇ ನಿಂದರ್ತೀನಿ. ನೀವು ಹಣ್ಣು ಸುಲಿದು ಬಾಯಾಗ ಇಟ್ರಿ ಅಂತ ನಮ್ಮ ಹುಡುಗಿ ಎಲ್ಲಾರ ಮುಂದ ಹೇಳ್ಯಾಳ. ನಮ್ಮತ್ತಿ ನಿನ್ನಿಯಿಂದ ಹನಿ ನೀರು ಕುಡದಿಲ್ಲ."

ಶಿವಕಾಂತಮ್ಮ ಓಣಿಯ ಕಡೆ ನೋಡಿ ದನಿ ತಗ್ಗಿಸಿದಳು. "ನೋಡ್ರೀ, ನಮ್ಮ ಹುಡುಗಿಗಿ ನಿಮ್ಮ ಮನಿ ಅಂದ್ರ ಜೀವ. ಆಕಿನೇ ಸುಲಕೊಂಡು ತಿಂದಾಳ, ನಾ ಮುಟ್ಟಿಲ್ಲ ಅಂತ ಒಂದು ಮಾತು ಅಂದುಬಿಡ್ರಿ. ನಾ ಮನ್ಯಾಗ ಹಂಗೇ ಹೇಳ್ತೀನಿ. ಸುಳ್ಳು ಹೇಳಿದ್ದಕ್ಕ ಹುಡುಗಿಗಿ ಎರಡು ಏಟು ಬೀಳ್ತಾವ, ಅಷ್ಟೇ. ನಾಳಿಂದ ಮತ್ತ ಬರ್ತಾಳ."

ಶಿವಕಾಂತಮ್ಮ ಕೆಟ್ಟ ಹೆಂಗಸಲ್ಲ. ತನ್ನ ಕೈಲಾದಷ್ಟು ದಾರಿ ತೆರೆದೇ ಬಂದಿದ್ದಳು. ರಾಹೇಲಮ್ಮನೂ ದೇವತೆಯಲ್ಲ, ಹೂಂ ಎಂದುಬಿಡಲು ಬಾಯಿ ತೆರೆದೂ ತೆರೆದಳು. ಒಂದು ಮಾತಿಗೆ ಸಂಜೆಗಳೆಲ್ಲ ಉಳಿಯುತ್ತಿದ್ದವು. ಆದರೆ ಅರಿವೆ ಸುತ್ತಿದ ಆ ಕೈ ಕಣ್ಣಿಗೆ ಕಟ್ಟಿತು. ನಿಜ ಹೇಳಿದ ಕೂಸಿಗೆ ಸುಳ್ಳುಗಾರ್ತಿ ಎಂದು ಏಟು ತಿನ್ನಿಸುವುದು ಅವಳಿಂದ ಆಗಲಿಲ್ಲ.

"ಕೂಸು ಖರೇನೇ ಹೇಳ್ಯಾಳ್ರೀ ಅವ್ವಾರ. ನಾನೇ ತಿನಿಸೀನಿ. ಆಕಿಗಿ ಹೊಡೀಬ್ಯಾಡ್ರಿ."

ಶಿವಕಾಂತಮ್ಮ ಅವಳನ್ನೇ ದಿಟ್ಟಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು.

ಸಂಜೆ ನೀಲಗಂಗಾ ಬರಲಿಲ್ಲ. ಮಧ್ಯಾಹ್ನ ನಡೆದದ್ದನ್ನು ತಾಯಿಯಿಂದ ಕೇಳಿ ಕರುಣಾ ಪುಸ್ತಕದ ಚೀಲ ಬಿಸಾಡಿದಳು. "ಸುಲಿದಿಲ್ಲ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತವ್ವಾ?" ರಾಹೇಲಮ್ಮ ಬಿದ್ದ ಚೀಲವನ್ನು ಎತ್ತಿ ಗೂಟಕ್ಕೆ ಹಾಕಿದಳು. ಮಳೆಗಾಲ ಬರುವ ಮೊದಲೇ ನಜ್ಮಾಳ ಮನೆಯವರು ಹೈದರಾಬಾದಿಗೆ ಹೋಗಿ ನೆಲೆಸಿದರು. ಹಣ್ಣು ಬಾಯಿಗಿಟ್ಟ ಸುದ್ದಿ ಶಾಲೆಯಲ್ಲೆಲ್ಲ ಹರಡಿತ್ತು, ಬೇರೆ ಹುಡುಗಿಯರೂ ಬರಲಿಲ್ಲ. ಹಣ್ಣು ಕಳಿಸಬೇಡವೆಂದು ಅವಳು ತಮ್ಮನಿಗೆ ಹೇಳಿಕಳಿಸಿದಳು.

ಆಮೇಲೊಂದು ಸಂಜೆ ಕರುಣಾ ತಡವಾಗಿ ಬಂದಳು. ಮುಖ ಅರಳಿತ್ತು.

"ಎಲ್ಲಿಗಿ ಹೋಗಿದ್ದೆವ್ವಾ?"

"ನೀಲಗಂಗಾನ ಮನಿಗಿ. ಆಕಿ ಅವ್ವನೇ ಕರೆದ್ರು. ನಿಮ್ಮವ್ವ ನಮ್ಮ ಹುಡುಗಿಗಿ ಏಟು ತಪ್ಪಿಸ್ಯಾಳ, ನೀ ಬಾರವ್ವಾ ಅಂದ್ರು."

ರಾಹೇಲಮ್ಮ ಮಷೀನು ನಿಲ್ಲಿಸಿದಳು. "ಒಳಗ ಕರೆದ್ರಾ?"

"ಇಲ್ಲ, ಕಟ್ಟಿ ಮ್ಯಾಲ ಕೂಡ್ಸಿದ್ರು. ಎಲಿ ಮ್ಯಾಲ ಉಂಡಿ ಇಟ್ಟು ದೂರ ಸರದು ನಿಂತ್ರು, ನಾ ತಗೊಂಡು ತಿಂದೆ." ಜಡೆ ಬಿಚ್ಚುತ್ತ ಕರುಣಾ ಹೇಳಿದಳು: "ಆಕಿ ನಿನ್ನಂಗಲ್ಲವ್ವಾ. ಮಂದಿ ಮಕ್ಕಳಿಗಿ ಹ್ಯಾಂಗ ಕೊಡಬೇಕು ಅಂತ ಆಕಿಗಿ ಗೊತ್ತದ."

ರಾಹೇಲಮ್ಮ ಮಗಳ ತಲೆಯ ಮೇಲೆ ಕೈಯಿಟ್ಟಳು. "ಛಲೋ ಆತು ಬಿಡವ್ವಾ. ದಿನಾ ಹೋಗಿ ಬಾ" ಎಂದಳು.

ಕರುಣಾ ದಿನಾ ಹೋಗತೊಡಗಿದಳು. ಸಂಜೆಯ ಹೊತ್ತು ಮನೆಯಲ್ಲಿ ರಾಹೇಲಮ್ಮ ಒಬ್ಬಳೇ ಇರುತ್ತಿದ್ದಳು.