ನಾನು ನಿಲ್ಲಿಸಿದ ನಗು

ಹರಿಹರದ ಒಂದು ಪ್ರೌಢಶಾಲೆಗೆ ಇತಿಹಾಸ ಕಲಿಸಲು ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದಾವಣಗೆರೆಯ ವಿನೋಬನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಂ.ಎ.ಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಆ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತೇನೋ.

ಒಂಬತ್ತನೇ ತರಗತಿಯ ‘ಎ’ ವಿಭಾಗ ನನ್ನದು. ‘ಬಿ’ ವಿಭಾಗ, ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಮೇಷ್ಟ್ರದು. ಅವರು ಪಠ್ಯಪುಸ್ತಕದ ಪಾಠಗಳನ್ನು ತಮ್ಮ ಮಾತಿನಲ್ಲಿ ಮತ್ತೆ ಬರೆದು, ಕಾರ್ಬನ್ ಇಟ್ಟು ನಕಲು ತೆಗೆದು ಮಕ್ಕಳಿಗೆ ಹಂಚುತ್ತಿದ್ದರು. ತುಘಲಕ್ ರಾಜಧಾನಿ ಬದಲಿಸಿದ ಪಾಠ ಹೀಗೆ ಶುರುವಾಗುತ್ತಿತ್ತು: ‘ನಾಳೆಯಿಂದ ದಾವಣಗೆರೆ ಇದ್ದಲ್ಲಿ ಇರಂಗಿಲ್ಲ, ಮಂಡಕ್ಕಿ ಭಟ್ಟಿ ಸಮೇತ ಎಲ್ಲರೂ ನಡೀರಿ ಅಂತ ಡಂಗುರ ಹೊಡೆದ್ರೆ ನಿಮ್ಮಜ್ಜಿ ಏನಂತಾಳೆ?’ ಅದರಲ್ಲಿ ದೆಹಲಿಯ ಮುದುಕಿಯೊಬ್ಬಳು ಉಪ್ಪಿನಕಾಯಿ ಜಾಡಿ ಹೊತ್ತು ನಡೆಯುತ್ತಾಳೆ. ದೌಲತಾಬಾದಿನಲ್ಲಿ ಜಾಡಿ ಇಳಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, ವಾಪಸ್ ಹೊರಡಿ ಎಂದು ಸುಲ್ತಾನನ ಹುಕುಂ!

ಗೋಡೆಯಾಚೆ ಅವರ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಈಚೆ ನಾನು ಇಸವಿಗಳನ್ನು ಬರೆಸುತ್ತಿದ್ದೆ. ಒಂದು ದಿನ ನನ್ನ ವಿಭಾಗದ ಹುಡುಗಿಯೊಬ್ಬಳು, “ಮೇಡಂ, ನಮಗೂ ಆ ಹಾಳೆ ಕೊಡಿಸ್ರಿ” ಅಂದಳು.

ಅವತ್ತೇ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದೆ. ಇತಿಹಾಸದ ಘನತೆ, ಪರೀಕ್ಷೆಯ ದೃಷ್ಟಿ ಎಂದೆಲ್ಲ ದೊಡ್ಡ ದೊಡ್ಡ ಪದಗಳನ್ನು ಹಾಕಿದ್ದೆ. ಒಳಗಿದ್ದದ್ದು ಹೊಟ್ಟೆಕಿಚ್ಚು ಮಾತ್ರ. ದೂರು ಕೊಟ್ಟವರು ಯಾರೆಂದು ಹೇಳಬೇಡಿ ಎಂದೂ ಕೇಳಿಕೊಂಡೆ.

ಮರುವಾರ ಮುಖ್ಯೋಪಾಧ್ಯಾಯರು ಮಕ್ಕಳಿಂದ ಹಾಳೆಗಳನ್ನೆಲ್ಲ ವಾಪಸ್ ತೆಗೆದುಕೊಂಡರು. ಗೋಡೆಯಾಚೆ ಮೇಷ್ಟ್ರೂ ಪುಸ್ತಕ ನೋಡಿ ಓದತೊಡಗಿದರು.

ಎರಡು ತಿಂಗಳ ನಂತರ ಅವರು ರಜೆ ಹಾಕಿದ ದಿನ ಎರಡೂ ವಿಭಾಗಗಳನ್ನು ನನ್ನ ಕೊಠಡಿಯಲ್ಲೇ ಕೂರಿಸಿದ್ದರು. ಅವತ್ತೇ ಪರಿವೀಕ್ಷಕರು ಬಂದರು. ರಾಜಧಾನಿ ಬದಲಾಯಿಸಿದ್ದು ಏಕೆ ವಿಫಲವಾಯಿತು ಎಂದು ಕೇಳಿದರು. ನನ್ನ ಮಕ್ಕಳು ತಲೆ ತಗ್ಗಿಸಿದರು. ಇಸವಿ ಕೇಳಿದ್ದರೆ ಹೇಳುತ್ತಿದ್ದರು.

ಗುತ್ತೂರಿನಿಂದ ಬರುತ್ತಿದ್ದ ‘ಬಿ’ ವಿಭಾಗದ ಹುಡುಗಿ ಎದ್ದು ನಿಂತಳು. “ಸರ್, ಅಜ್ಜಿ ಜಾಡಿ ಹೊತ್ಕಂಡು ಹೋಗ್ತಾಳ್ರಿ…” ಎಂದು ಶುರು ಮಾಡಿದಳು. ಪರಿವೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ಅದು ಸರಿ, ಸುಲ್ತಾನಂಗೆ ದೌಲತಾಬಾದೇ ಯಾಕ ಬೇಕಿತ್ತು?”

“ರಾಜ್ಯದ ನಡುವೆ ಐತೆ ಅಂತ್ರಿ. ಅವನ ವಿಚಾರ ತಪ್ಪಲ್ರಿ, ಆದ್ರೆ ಜನ್ರನ್ನ ಒಂದ್ ಮಾತು ಕೇಳಲಿಲ್ಲ. ದಾರಿಯಾಗ ಭಾಳ ಜನ ಸತ್ರು. ಅತ್ಲಾಗೆ ಉತ್ತರದ ಗಡಿ ಕಾಯೋದೂ ಕಷ್ಟ ಆತು.”

ನಗುತ್ತಿದ್ದ ತರಗತಿ ‘ಸತ್ರು’ ಅನ್ನುವ ಮಾತಿಗೆ ಗಪ್ಪಾಯಿತು. ಆ ಹಾಳೆಗಳಲ್ಲಿ ಹಾಸ್ಯ ಏನು ಕೆಲಸ ಮಾಡುತ್ತಿತ್ತೆಂದು ನನಗೆ ಆಗ ಹೊಳೆಯಿತು.

“ಚೆಂದ ಕಲಿಸೀರಿ ಮೇಡಂ,” ಅಂದರು ಪರಿವೀಕ್ಷಕರು.

ಇದು ನನ್ನ ಪಾಠವಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು, “ಥ್ಯಾಂಕ್ಸ್ ಸರ್” ಅಂದೆ. ಹುಡುಗಿ ನನ್ನನ್ನೇ ನೋಡುತ್ತಾ ಕುಳಿತುಕೊಂಡಳು. ತಪಾಸಣೆ ಪುಸ್ತಕದಲ್ಲಿ ನನ್ನ ಹೊಗಳಿಕೆ ದಾಖಲಾಯಿತು.

ಆಮೇಲೆ ಹದಿನೈದು ದಿನ ಮೇಷ್ಟ್ರ ಎದುರು ಕೂತು ಊಟದ ಡಬ್ಬಿ ಬಿಚ್ಚಲು ನನ್ನಿಂದ ಆಗಲಿಲ್ಲ. ಕೊನೆಗೊಂದು ಮಧ್ಯಾಹ್ನ, ಅವರೊಬ್ಬರೇ ಇದ್ದಾಗ, ಪತ್ರದ ವಿಷಯವನ್ನೂ ಹೊಗಳಿಕೆಯ ವಿಷಯವನ್ನೂ ಹೇಳಿಬಿಟ್ಟೆ.

“ಪತ್ರದ್ದು ಗೊತ್ತಿತ್ತು ಬಿಡ್ರಿ. ಹೆಡ್‌ಮಾಸ್ಟ್ರ ಮೇಜಿನ ಮ್ಯಾಲೆ ನಿಮ್ಮ ಅಕ್ಷರ ಕಂಡಿದ್ದೆ.”

ಇಷ್ಟು ದಿನ ಇವರು ನನಗೆ ನಗುತ್ತಲೇ ನಮಸ್ಕಾರ ಹೇಳಿದ್ದರು! ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. “ಹೆಡ್‌ಮಾಸ್ಟ್ರ ಹತ್ರ ನಾನೇ ಹೇಳ್ತೀನ್ರಿ, ಮತ್ತೆ ಬರೀರಿ” ಎಂದೆ.

“ಬ್ಯಾಡ್ರಿ. ಈಗ ಪೆನ್ನು ಹಿಡಿದ್ರೆ ಯಾರು ಏನಂತಾರೋ ಅಂತ ಮೊದ್ಲು ನೆನಪಾಗ್ತೈತೆ. ಹಂಗೆ ಬರೆದ್ರೆ ಮಕ್ಕಳು ನಗಂಗಿಲ್ಲ.”

ಆದರೂ ಮುಖ್ಯೋಪಾಧ್ಯಾಯರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಹಾಳೆಗಳು ರದ್ದಿಗೆ ಹೋಗಿದ್ದವು. ಆ ಬೇಸಿಗೆಯಲ್ಲಿ ಮೇಷ್ಟ್ರು ನಿವೃತ್ತರಾದರು. ಮುಂದಿನ ವರ್ಷ ನನಗೆ ಹತ್ತನೇ ತರಗತಿ ಕೊಟ್ಟರು, ಗುತ್ತೂರಿನ ಹುಡುಗಿ ನನ್ನ ವಿಭಾಗಕ್ಕೇ ಬಂದಳು. ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸುತ್ತಿದ್ದಳು, ಪುಸ್ತಕದಲ್ಲಿದ್ದ ಹಾಗೇ, ಒಂದಕ್ಷರ ಆಚೀಚೆ ಮಾಡದೆ.