ಹೆಸರು ಮುಚ್ಚಿ ಓದುತ್ತಿದ್ದವಳು

ನನ್ನ ಹೆಂಡತಿ ಸುಲೋಚನಾ ವಿದ್ಯಾರ್ಥಿಗಳ ಅಂಕಪಟ್ಟಿ ನೋಡುವಾಗ ಕಂಪ್ಯೂಟರ್ ಪರದೆಯ ಮೇಲ್ತುದಿಗೆ ಒಂದು ಹಳದಿ ಚೀಟಿ ಅಂಟಿಸಿ ಹೆಸರನ್ನು ಮುಚ್ಚಿಬಿಡುತ್ತಿದ್ದಳು. ಮಿಸಿಸಾಗಾದ ಒಂದು ಕಾಲೇಜಿನ ರಿಜಿಸ್ಟ್ರಾರ್ ಆಫೀಸಿನಲ್ಲಿ, ದಾಖಲೆ ವಿಭಾಗದಲ್ಲಿ ಅವಳಿಗೆ ಕೆಲಸ. ಕೋವಿಡ್ ಕಾಲದಲ್ಲಿ ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸಾಯಿತು. ಆಗಲೇ ನಾನು ಇದನ್ನು ಮೊದಲ ಸಲ ನೋಡಿದ್ದು.

"ಹೆಸರು ಯಾಕ ಮುಚ್ಚತಿ?" ಎಂದು ಕೇಳಿದೆ.

"ಹೆಸರು ಕಂಡ್ರ ಊರು ಕಾಣತದ, ದೇವರು ಕಾಣತದ. ಬರೇ ಮಾರ್ಕ್ಸ್ ನೋಡಿದ್ರ ಮನಷಾ ಕಾಣತಾನ್ರೀ" ಅಂದಳು.

ಕಾಣುತ್ತಿದ್ದದ್ದು ನಿಜ. ಎರಡು ಟರ್ಮು ಒಳ್ಳೆಯ ಅಂಕ, ಆಮೇಲೆ ಒಂದು ಟರ್ಮಿನಲ್ಲಿ ಎಲ್ಲ ವಿಷಯಕ್ಕೂ ಡಬ್ಲ್ಯೂ. ಅಂದರೆ ವಿದ್ಯಾರ್ಥಿ ಗಡುವಿನೊಳಗೆ ತಾನಾಗಿಯೇ ಆ ವಿಷಯ ಬಿಟ್ಟದ್ದು. "ಈ ಕೂಸಿನ ಮನಿಯಾಗ ಯಾರೋ ಹೋಗ್ಯಾರ" ಎನ್ನುತ್ತಿದ್ದಳು. ಡಬ್ಲ್ಯೂ ಇರಬೇಕಾದ ಕಡೆ ಎಫ್ ಇದ್ದರೆ, "ಹೇಳಾಕೂ ಯಾರೂ ಇರಲಿಲ್ಲ ಪಾಪ, ಗಡುವು ದಾಟಿಬಿಟ್ಟದ" ಎನ್ನುತ್ತಿದ್ದಳು. ವಾರದ ಮೇಲೆ ಆ ವಿದ್ಯಾರ್ಥಿಯಿಂದ ಕಾರಣ ಬರೆದ ಅರ್ಜಿ ಬರುತ್ತಿತ್ತು. ಹೆಸರು ಹೇಳದೆ ಅದರ ವಿಷಯವಷ್ಟನ್ನೇ ನನಗೆ ಹೇಳುತ್ತಿದ್ದಳು. ತಾಯಿ ತೀರಿಕೊಂಡಿದ್ದಾರೆ, ಅಥವಾ ಅಣ್ಣ. ನಾನು ಗದುಗಿನಲ್ಲಿ ಐಟಿಐ ಮುಗಿಸಿ ಬಂದವನು, ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವವನು. ಅಂಕಗಳ ಆ ಸಾಲಿನಲ್ಲಿ ಅವಳಿಗೇನು ಕಾಣುತ್ತಿತ್ತೋ ನನಗೆ ಎಂದೂ ತಿಳಿಯಲಿಲ್ಲ.

ಗುಟ್ಟು ಕಾಯುವುದರಲ್ಲಿ ಅವಳು ಗಟ್ಟಿ. ಒಂದು ಯುಗಾದಿ ಊಟದಲ್ಲಿ ನಿವೃತ್ತ ಡಾಕ್ಟರೊಬ್ಬರು ಎಲೆ ಬಿಟ್ಟೆದ್ದು ನಮ್ಮ ಪಕ್ಕ ಬಂದು ಕೂತರು. ಮೈಸೂರಿನವರು, ಐವತ್ತು ವರ್ಷದಿಂದ ಇಲ್ಲಿರುವವರು.

"ಸುಲೋಚನಾ ಅವರೇ, ನನ್ನ ಮೊಮ್ಮಗ ನಿಮ್ಮ ಕಾಲೇಜೇ ಅಲ್ವಾ? ಏನ್ ಕೇಳಿದ್ರೂ 'ಫೈನ್, ತಾತಾ' ಅಂತಾನೆ. ಒಂದ್ಸಲ ಕಂಪ್ಯೂಟರಲ್ಲಿ ಇಣುಕಿ ನೋಡ್ಬಿಡಿ, ಪಾಸಾಗ್ತಿದಾನಾ ಅಂತ. ಅಷ್ಟೇ."

"ಡಾಕ್ಟರ್ರ, ನಿಮ್ಮ ಪೇಶಂಟಿನ ರಕ್ತದ ರಿಪೋರ್ಟು ನೀವು ನನಗ ಹೇಳ್ತಿದ್ರೇನ್ರಿ?"

"ಅಯ್ಯೋ, ಅದು ಬೇರೆ ಕಣಮ್ಮ!"

"ಇದೂ ಹಂಗ ರೀ. ಮೊಮ್ಮಗ ನಿಮ್ಮಾವ, ಮಾರ್ಕ್ಸ್ ಅವನವು. ಹೋಳಿಗಿ ತಿನ್ರಿ, ಆರತಾವ."

ಡಾಕ್ಟರು ಜೋರಾಗಿ ನಕ್ಕು ನನ್ನ ಬೆನ್ನು ತಟ್ಟಿದರು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಅಂದಳು: "ಅವರ ಮೊಮ್ಮಗ ಅಂತ ಹೇಳವಲ್ಲೆ. ಆದ್ರ ಇಂಥಾ ಹುಡುಗ್ರು ಅದಾರ್ರೀ. ದಿನಾ ಮುಂಜಾನೆ ಡಬ್ಬಿ ತಗೊಂಡು ಮನಿಯಿಂದ ಬರ್ತಾರ. ಲೈಬ್ರರಿಯೊಳಗ ಸಂಜಿ ತನಕ ಕೂತು ಹೊಳ್ಳಿ ಹೋಗ್ತಾರ. ಯಾವ ಕ್ಲಾಸಿನ ಪಟ್ಟಿಯೊಳಗೂ ಅವರ ಹೆಸರಿಲ್ಲ. ಎರಡು ವರ್ಷದಿಂದ ಇಲ್ಲ." ಆ ಮೇಲೆ ಕಾಲೇಜಿಗೆ ಅವಳನ್ನು ಕರೆತರಲು ಹೋದಾಗಲೆಲ್ಲ ನಾನು ಲೈಬ್ರರಿಯ ಗಾಜಿನ ಕಡೆ ನೋಡುವುದನ್ನು ಬಿಟ್ಟೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವಳಿಂದ ಒಂದು ತಪ್ಪಾಗಿತ್ತು. ಮನ್‌ಪ್ರೀತ್ ಕೌರ್ ಎಂಬ ವಿದ್ಯಾರ್ಥಿನಿ ಅಪಘಾತದಲ್ಲಿ ತೀರಿಕೊಂಡಳೆಂದು ಮನೆಯವರ ಕಾಗದ ಬಂದಿತ್ತು. ಹಾಗೆ ಬಂದರೆ ಅವರ ದಾಖಲೆಗೆ 'ಮೃತ' ಎಂಬ ಗುರುತು ಹಾಕಬೇಕು. ಹಾಕಿದೊಡನೆ ದಾಖಲೆಗೆ ಬೀಗ ಬೀಳುತ್ತದೆ. ಆಮೇಲೆ ಒಂದು ಅಂಕ ಸೇರಿಸಲಾಗದು, ತೆಗೆಯಲಾಗದು. ಅದೇ ಹೆಸರಿನವರು ಆ ಕಾಲೇಜಿನಲ್ಲಿ ಹಲವರಿದ್ದರು. ಸುಲೋಚನಾ ಗುರುತು ಹಾಕಿದ್ದು ಬೇರೊಬ್ಬಳಿಗೆ.

ಮೂರು ದಿನ ಕಳೆದು ಆ ಹುಡುಗಿ ಕೌಂಟರಿನ ಮುಂದೆ ನಿಂತಳು. ಒಶಾವಾದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದವಳು. ಲೈಬ್ರರಿ ಕಾರ್ಡು ನಡೆಯುತ್ತಿಲ್ಲ, ಪರೀಕ್ಷೆಯ ಪುಟ ತೆರೆಯುತ್ತಿಲ್ಲ. "ಮ್ಯಾಮ್, ಇಟ್ ಸೇಸ್ ಐ ಆಮ್ ಡೆಡ್" ಎಂದು ನಗುತ್ತಲೇ ಹೇಳಿದಳಂತೆ. ಬೀಗ ಹಾಕಲು ಫಾರ್ಮು ಇತ್ತು. ವಿದ್ಯಾರ್ಥಿ ಬದುಕಿದ್ದಾಳೆ ಎಂದು ಬರೆಯಲು ಯಾವ ಫಾರ್ಮೂ ಇರಲಿಲ್ಲ. ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಹುಡುಗಿ ತರಗತಿಗೆ ಬಂದು ಕೂತಳು. ಹಾಜರಿಯಲ್ಲಿ ಅವಳ ಹೆಸರು ಬರಲಿಲ್ಲ. ಕೊನೆಕೊನೆಗೆ ಅವಳು ನಗುತ್ತಿರಲಿಲ್ಲ.

ಅಂದಿನಿಂದ ಸುಲೋಚನಾ ಒಂದು ಪದ್ಧತಿ ಮಾಡಿಕೊಂಡಳು. 'ಮೃತ' ಎಂದು ಹಾಕುವ ಮೊದಲು ಹಳದಿ ಚೀಟಿ ಕಿತ್ತು, ಆ ಹೆಸರನ್ನು ಬಾಯಿಬಿಟ್ಟು ಕೂಗಿ, ಸ್ವಲ್ಪ ಹೊತ್ತು ಕಾಯುವುದು. "ಇದ್ರ ಹೂಂ ಅನ್ನಾಕ ಟೈಮ್ ಕೊಡಬೇಕಲ್ರೀ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವಳು ಯಾವುದೋ ಹುಡುಗನ ಹೆಸರು ಕೂಗಿದಳು. ಕೆಳಗೆ ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಗಿಸುವ ಯಂತ್ರ ನಿಂತು ಟಿಣ್ ಅಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಹುಟ್ಟಿದ ದಿನ, ವಿಳಾಸ, ಮನೆಯವರ ಕಾಗದ ಎಲ್ಲವನ್ನೂ ಮೊದಲಿನಿಂದ ತಾಳೆ ನೋಡಿದಳು. "ಇಲ್ಲ, ಹೋಗ್ಯಾನ" ಎಂದು ಗುರುತು ಹಾಕಿದಳು. ಚಹಾ ಕುಡಿಯಲಿಲ್ಲ.

ಗದುಗಿನ ಅವಳ ಬಿ.ಕಾಂ. ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಅದೇ ಕಾಲೇಜಿನಲ್ಲಿ ಟರ್ಮಿಗೊಂದು ವಿಷಯದಂತೆ ಡಿಪ್ಲೊಮಾ ಓದುತ್ತಿದ್ದಳು. ಇಂಗ್ಲಿಷ್ ಬರವಣಿಗೆಯ ವಿಷಯಕ್ಕೆ ಹೆದರಿ ಅದನ್ನೇ ಕೊನೆಗೆ ಉಳಿಸಿಕೊಂಡಿದ್ದಳು. ಈ ಸಲ ಜನವರಿಯಲ್ಲಿ ಅದಕ್ಕೆ ಸೇರಿದಳು. ಫೆಬ್ರವರಿಯಲ್ಲಿ ಹೊಟ್ಟೆನೋವೆಂದು ಹೋದವಳನ್ನು ಆಸ್ಪತ್ರೆಯವರು ಬಿಡಲಿಲ್ಲ. ನಾಲ್ಕು ಪ್ರಬಂಧಗಳಲ್ಲಿ ಮೂರನ್ನು ಮಂಚದ ಮೇಲೆ ಕೂತೇ ಬರೆದು ಕಳಿಸಿದಳು. ನಾಲ್ಕನೆಯದು ಆಗಲಿಲ್ಲ. ಟೀಚರು ಅಪೂರ್ಣ ಎಂಬ ಅರ್ಥದ 'ಐ' ಹಾಕಿ ಆಗಸ್ಟ್ ಕೊನೆಯವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಏನೂ ಆಗದಿದ್ದರೆ ಯಂತ್ರ ತಾನಾಗಿ ಐ ತೆಗೆದು ಎಫ್ ಹಾಕುತ್ತದೆ.

ಅವಳಿಗೆ ಇದೆಲ್ಲ ಬಾಯಿಪಾಠ. ಏಪ್ರಿಲಿನಲ್ಲಿ, ಮಾತು ಕಡಿಮೆಯಾದ ಮೇಲೆ, ನನ್ನ ಕೈ ಹಿಡಿದು ಹೇಳಿದಳು: "ಎಫ್ ಬೀಳಾಕ ಬಿಡಬ್ಯಾಡ್ರಿ. ಟೀಚರಿಗೆ ಬರೀರಿ, ಮೂರರ ಮ್ಯಾಲೆ ಪಾಸ್ ಮಾಡಾಕ ಬರತದ. ಮೊದಲ ಮಾರ್ಕ್ಸ್ ಹಾಕಸ್ರಿ, ಆಮ್ಯಾಲೆ ನನ್ನ ಕಾಗದ ಕೊಡ್ರಿ. ಉಲ್ಟಾ ಮಾಡೀರಿ ಮತ್ತ. ಬೀಗ ಬಿತ್ತಂದ್ರ ಅರ್ಧಾಕ್ಕ ನಿಂತಬಿಡತೀನಿ."

"ಈಗ್ಯಾಕ ಅದೆಲ್ಲಾ ಸುಲೂ?"

"ಈಗಲ್ದ ಮತ್ತ್ಯಾವಾಗ? ನಿಮಗ ಫಾರ್ಮ್ ತುಂಬಾಕ ಬರೂದಿಲ್ಲ."

ನಾಲ್ಕು ದಿನದ ಮೇಲೆ ಹೋದಳು.

ಅವಳ ಫೋನನ್ನು ನಾನು ಆರಿಸಲಿಲ್ಲ. ಮೇ ತಿಂಗಳಲ್ಲಿ ಅದಕ್ಕೆ ಕಾಲೇಜಿನಿಂದ ಸಂದೇಶ ಬಂತು: 'ಪ್ರಿಯ ಸುಲೋಚನಾ, ನಿಮ್ಮನ್ನು ಕಂಡು ಬಹಳ ದಿನಗಳಾದವು. ನೀವು ಹೇಗಿದ್ದೀರಿ? ತಡವಾಗಿಲ್ಲ, ಬನ್ನಿ.' ಅವಳು ಹೋದದ್ದು ಆಫೀಸಿನವರಿಗೆ ಗೊತ್ತಿತ್ತು, ಆದರೆ ಮನೆಯವರ ಕಾಗದ ಬಾರದೆ ವಿದ್ಯಾರ್ಥಿಯ ದಾಖಲೆ ಮುಟ್ಟುವಂತಿರಲಿಲ್ಲ. ತರಗತಿಗೆ ಬಾರದವರಿಗೆ ಯಂತ್ರ ಕಳಿಸಲೆಂದು ಆ ಇಂಗ್ಲಿಷ್ ಸಾಲುಗಳನ್ನು ಅವಳೇ ಬರೆದುಕೊಟ್ಟಿದ್ದಳು. ಬೈದಂಗ ಕೇಳಸತದೇನು ಎಂದು ನನಗೆ ಓದಿ ತೋರಿಸಿದ್ದಳು. ಈಗ ಅವಳ ಮಾತು ಅವಳನ್ನೇ ಹುಡುಕಿಕೊಂಡು ಬಂದಿತ್ತು. ಜೂನಿನಲ್ಲಿ ಮತ್ತೆ ಬಂತು. ಜುಲೈನಲ್ಲಿ, ಮುಂದಿನ ಟರ್ಮಿಗೆ ವಿಷಯ ಆರಿಸಿಕೊಳ್ಳಿ ಎಂದಿತು. ಟೀಚರಿಗೆ ಬರೆದರೆ ಮುಂದಿನದು ಅವಳ ಸಾವಿನ ಕಾಗದ ಕೊಡುವುದು. ಕಾಗದ ಕೊಟ್ಟರೆ ಈ ಸಂದೇಶ ಬರುವುದು ನಿಲ್ಲುತ್ತದೆ. ಅದಕ್ಕೇ ತಡ ಮಾಡಿದೆ. ಕಡೆಗೆ ಆಗಸ್ಟ್ ಮುಗಿಯುತ್ತಾ ಬಂತು. ಎಫ್ ಎಂಬ ಅಕ್ಷರ ಕಣ್ಣಿಗೆ ಕಟ್ಟತೊಡಗಿತು.

ಗಡುವಿಗೆ ಎರಡು ದಿನ ಇರುವಾಗ ಟೀಚರಿಗೆ ಬರೆದೆ. ಅವರು ಒಂದು ಗಂಟೆಯೊಳಗೆ ಉತ್ತರಿಸಿದರು. ಪಾಸು ಮಾಡುತ್ತೇನೆ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಂಕ ಹಾಕುತ್ತೇನೆ ಎಂದರು. ಶುಕ್ರವಾರವೇ ಕೊನೆಯ ದಿನ.

ಅಂದು ಶಿಫ್ಟು ಬಿಟ್ಟು ಕಾಲೇಜಿಗೆ ಹೋದೆ. ಕೌಂಟರಿನಲ್ಲಿ ಹೊಸ ಹುಡುಗಿ. ಸುಲೋಚನಾಳನ್ನು ಕಂಡವಳಲ್ಲ. ನಂಬರು ಒತ್ತಿ ನೋಡಿ, ವಿದ್ಯಾರ್ಥಿಯ ದಾಖಲೆ ಬೇರೆಯವರ ಜೊತೆ ಮಾತಾಡುವಂತಿಲ್ಲ, ಅವರೇ ಬರಬೇಕು ಎಂದಳು. "ಈಸ್ ಶೀ ವಿತ್ ಯೂ ಟುಡೇ, ಸರ್?" ಎಂದು ನನ್ನ ಹಿಂದೆ ನೋಡಿದಳು. ನಾನೂ ತಿರುಗಿ ನೋಡಿದೆ. ಆಮೇಲೆ ಕಾಗದವನ್ನು ತೋರಿಸಿದೆ, ಕೈಗೆ ಕೊಡಲಿಲ್ಲ. ಅಂಕ ಬಿದ್ದ ಮೇಲೆ ಕೊಡುತ್ತೇನೆ ಎಂದೆ. ಅವಳಿಗೆ ಅರ್ಥವಾಯಿತು. "ಟೇಕ್ ಯುವರ್ ಟೈಮ್, ಅಂಕಲ್. ಐ ಆಮ್ ಹಿಯರ್ ಟಿಲ್ ಫೋರ್" ಎಂದಳು.

ಬೆಂಚಿನ ಮೇಲೆ ಕೂತೆ. ಮೂರು ದಾಟಿ ಐದು ನಿಮಿಷಕ್ಕೆ ಹುಡುಗಿ ಹೆಬ್ಬೆರಳು ಎತ್ತಿ ತೋರಿಸಿದಳು. ಪಾಸಾಗಿತ್ತು. ಇನ್ನು ಕಾಗದ ಕೊಡುವುದಷ್ಟೇ. ಏಳಲಿಲ್ಲ. ಈಗ ಅವಳ ಡಿಪ್ಲೊಮಾ ಮುಗಿದಿತ್ತು, ಬೀಗ ಇನ್ನೂ ಬಿದ್ದಿರಲಿಲ್ಲ. ಕಾಲೇಜಿನ ಲೆಕ್ಕದಲ್ಲಿ ಅವಳು ಓದು ಮುಗಿಸಿ ಎಲ್ಲೋ ಇದ್ದಳು.

ಮೂರೂವರೆಗೆ ಜೇಬಿನಲ್ಲಿ ಅವಳ ಫೋನು ನಡುಗಿತು. 'ಅಭಿನಂದನೆಗಳು, ಸುಲೋಚನಾ. ಪದವಿ ಸಮಾರಂಭಕ್ಕೆ ಬರುತ್ತೀರಾ?' ಕೆಳಗೆ ಹೌದು, ಇಲ್ಲ. ಬೆರಳು ಹೌದನ್ನು ಒತ್ತಿತು. ಇನ್ನೊಂದು ಪ್ರಶ್ನೆ ತೆರೆಯಿತು: 'ನಿಮ್ಮ ಜೊತೆ ಎಷ್ಟು ಜನ ಬರುತ್ತಾರೆ?'

ಒಂದು ಎಂದು ಒತ್ತಿದೆ.

'ಧನ್ಯವಾದ. ನಿಮ್ಮಿಬ್ಬರನ್ನೂ ಅಲ್ಲಿ ಕಾಣುತ್ತೇವೆ' ಎಂದು ಉತ್ತರ ಬಂತು.

ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಅಷ್ಟನ್ನೂ ಕೂತು ಕಳೆದೆ. ಆಮೇಲೆ ಎದ್ದು ಹೋಗಿ ಕಾಗದ ಕೊಟ್ಟೆ.