ಕೊನೆಯ ಮಡಿಕೆ

ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಸೇವೆಯ ಚೀಟಿ ಕೊಡುವ ಕಿಟಕಿಯ ಹಿಂದೆ ಇನ್ನೂ ಹಳೆಯ ಕಾಲದ ಪ್ರಿಂಟರ್ ಇದೆ. ಜೀರುಂಡೆಯ ಹಾಗೆ ಕಿರ್ರೆಂದು ಒಂದೊಂದೇ ಸಾಲು ಬರೆಯುತ್ತ, ಅಂಚಿನಲ್ಲಿ ಸಾಲು ತೂತುಗಳಿರುವ ಕಾಗದವನ್ನು ಹೊರಗೆ ನೂಕುತ್ತದೆ. ಗುರುವಾರ ಬೆಳಿಗ್ಗೆ ಅರ್ಚನೆಗೆ ಹೆಸರು ಹೇಳಿ ನಿಂತಾಗ, ಒಳಗಿನವರು ಆ ತೂತಿನ ಅಂಚನ್ನು ಚರ್ರನೆ ಹರಿದರೆ ಸಾಕು, ತುಳಸಿ ಕರ್ಪೂರಗಳ ವಾಸನೆಯೆಲ್ಲ ಹಿಂದೆ ಸರಿದು, ರಿಬ್ಬನ್ನಿನ ಮಸಿ, ಏಸಿಯ ತಣ್ಣನೆ ಗಾಳಿ, ಅಮ್ಮನ ಒಗ್ಗರಣೆಯ ಇಂಗು ಬೆರೆತ, ಕುವೈತಿನ ಸಾಲ್ಮಿಯಾ ಬಡಾವಣೆಯ ನಮ್ಮ ಮನೆ ಎದ್ದು ಬರುತ್ತದೆ. ದೇವರ ಮುಂದೆ ನಿಂತು ಮನಸ್ಸು ಕುವೈತಿಗೆ ಹೋಯಿತಲ್ಲ ಎಂದು ಮೊದಮೊದಲು ಕೆನ್ನೆ ಬಡಿದುಕೊಳ್ಳುತ್ತಿದ್ದೆ. ಈಗ ಬಡಿದುಕೊಳ್ಳುವುದಿಲ್ಲ. ಇಲ್ಲದ ಮನೆಗೆ ವಾರಕ್ಕೊಮ್ಮೆ ಕರೆದುಕೊಂಡು ಹೋಗಿ ಬಿಟ್ಟುಬರುವುದೂ ಅವನ ದಯೆಯೇ. ನಿಮಗೂ ಅಂಥದೊಂದು ಮನೆ ಇದ್ದೀತು. ಇದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ಕುವೈತ್ ಸಿಟಿಯ ಒಂದು ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ಪ್ರಿಂಟು ಕೆಟ್ಟು ಎಸೆಯುವ ಕಾಗದವನ್ನು ಮನೆಗೆ ತರುತ್ತಿದ್ದರು. ಬಿಡಿ ಹಾಳೆಯಲ್ಲ, ಒಂದಕ್ಕೊಂದು ಅಂಟಿಕೊಂಡೇ ಬರುವ ಉದ್ದದ ಕಾಗದ. ಎಳೆದರೆ ಹಾಲಿನಿಂದ ಅಡುಗೆಮನೆಯವರೆಗೆ ಬರುತ್ತಿತ್ತು, ಬಿಟ್ಟರೆ ಸೀರೆಯ ನೆರಿಗೆಯ ಹಾಗೆ ತಾನೇ ಮಡಚಿಕೊಳ್ಳುತ್ತಿತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನವರೊಬ್ಬರು ಊರಿಗೆ ಹೋಗುವಾಗ ಒಂದು ದಪ್ಪ ಪುಸ್ತಕ ಬಿಟ್ಟುಹೋಗಿದ್ದರು. ಸ್ಪೇನಿನವರು ಬರುವ ಮುಂಚೆ ಮೆಕ್ಸಿಕೋದಲ್ಲಿ ಆಳುತ್ತಿದ್ದ ಅಜ್ಟೆಕ್ ಜನರ ಪದ್ಯಗಳ ಪುಸ್ತಕ ಅದು. ಮೈಸೂರಿನಲ್ಲಿ ತಾತನ ಗಮಕ ಕೇಳಿ ಬೆಳೆದ ಅಪ್ಪನಿಗೆ ಅದರ ಹುಚ್ಚು ಹಿಡಿಯಿತು. ಆ ಜನರ ಪುಸ್ತಕಗಳೂ ಹೀಗೇ ಮಡಚುವ ಪುಸ್ತಕಗಳಂತೆ, ತುಂಬ ಚಿತ್ರಗಳಂತೆ, ಚಿತ್ರ ನೋಡಿಕೊಂಡು ಬಾಯಿಪಾಠವಾಗಿದ್ದನ್ನು ಹಾಡುತ್ತಿದ್ದರಂತೆ. ಪದ್ಯ ಅನ್ನುವುದಕ್ಕೆ ಅವರು ‘ಹೂ-ಹಾಡು’ ಅನ್ನುತ್ತಿದ್ದರಂತೆ, ಊರು ಅನ್ನುವುದಕ್ಕೆ ‘ನೀರು-ಬೆಟ್ಟ’. “ನಾವು ಮನೆ-ಮಠ ಅನ್ನೋಲ್ವೇ, ಹಂಗೆ. ಒಂದು ಮಾತು ಸಾಲದು ಅಂದಾಗ ಎರಡು ಕೂಡಿಸ್ಕೊಳ್ಳೋದು” ಎಂದು ಅಪ್ಪ ಊಟದ ಮಧ್ಯೆ ಕೈ ಒಣಗಿಸಿಕೊಂಡು ವಿವರಿಸುತ್ತಿದ್ದರು. ಚಾಕೊಲೇಟು, ಟೊಮೇಟೊ ಎಂಬ ಹೆಸರುಗಳೂ ಅವರಿಂದಲೇ ಬಂದವು ಅಂದಾಗ ಅಮ್ಮ, “ಹಂಗಾದ್ರೆ ನಾಳೆ ಸಾರು ಮಾಡಕ್ಕೂ ಅವರನ್ನೇ ಕರೀರಿ” ಅಂದಿದ್ದಳು.

ಶುಕ್ರವಾರ ರಜೆ. ಬೆಳಿಗ್ಗೆ ಭಜನೆ ಮುಗಿಸಿ, ಊಟವಾದ ಮೇಲೆ ಅಪ್ಪ ನೆಲದ ಮೇಲೆ ಕೂತು ಆ ಕಾಗದದ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುತ್ತಿದ್ದರು. ದಾರಿ ಅಂದರೆ ಹೆಜ್ಜೆಗುರುತು. ಮಾತು ಅಂದರೆ ಬಾಯಿಂದ ಹೊರಡುವ ಒಂದು ಸುರುಳಿ. ಆ ಸುರುಳಿಗೆ ಹೂ ಮುಡಿಸಿದರೆ ಅದು ಹಾಡು. ಕನ್ನಡಕ್ಕೆ ತಂದ ಪದ್ಯಗಳನ್ನು ಮಾತ್ರ ಅಕ್ಷರದಲ್ಲಿ ಎಲ್ಲೂ ಬರೆದಿಡಲಿಲ್ಲ. “ಬರೆದ್ರೆ ಬಾಯಿ ಸೋಮಾರಿ ಆಗತ್ತೆ, ಅವರು ಇಟ್ಕೊಂಡಂಗೇ ನಾವೂ ಇಟ್ಕೊಳ್ಳೋಣ” ಅನ್ನುತ್ತಿದ್ದರು. ಹಾಡುವುದಕ್ಕೆ ಅವರು ಆರಿಸಿಕೊಂಡದ್ದು ಎದುರು ಫ್ಲ್ಯಾಟಿನ ಸುಜಾತಳನ್ನು. ಅವಳ ಅಪ್ಪ ಸುಂದರಣ್ಣ ಉಡುಪಿ ಕಡೆಯವರು, ಹೋಟೆಲಿನ ಅಡುಗೆ ನೋಡಿಕೊಳ್ಳುತ್ತಿದ್ದರು. ಸುಜಿಗೂ ನನಗೂ ಒಂದೇ ವಯಸ್ಸು, ಒಂದೇ ಕ್ಲಾಸು. ಅವಳ ಕಂಠ ಬೆಲ್ಲದ ಪಾಕ. ನನ್ನದು, ಅಪ್ಪನೇ ಅಂದ ಹಾಗೆ, ಬಾಗಿಲ ಕೀಲು.

“ಅಂಕಲ್, ಹಾಡ್ಲಿಕ್ಕಾ?” ಎಂದು ಅವಳು ಕಣ್ಣು ಮುಚ್ಚಿ ಕೂರುವಳು. ಅಪ್ಪ ನನ್ನ ಕಡೆ ತಿರುಗಿ, “ಶೈಲೂ, ನೀನು ಮಡಿಕೆ ಹಿಡ್ಕೋ” ಅನ್ನುವರು. ಕಾಗದದ ಕೊನೆ ಹಿಡಿದು, ಹಾಡು ಮುಂದೆ ಹೋದ ಹಾಗೆ ಒಂದೊಂದೇ ಮಡಿಕೆ ಬಿಡಿಸುವುದು ನನ್ನ ಕೆಲಸ. ಪದ್ಯ ಹೇಳಿಕೊಡುವಾಗ ಅಪ್ಪ ಮೂರನೆಯ ಸಾಲಿಗೆ ಹೋಗುವ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುವರು, ಅವಳು ಅದನ್ನೂ ಪದ್ಯದ ಭಾಗವೆಂದೇ ಕಲಿತಳು. ಹಾಡಾದ ಮೇಲೆ ಜಮಿಯಾ ಅಂಗಡಿಯಿಂದ ತಂದ ಚಾಕೊಲೇಟಿನಲ್ಲಿ ಅವಳಿಗೆ ದೊಡ್ಡ ತುಂಡು, ನನಗೆ ಉಳಿದದ್ದು. “ಹಾಡಿದೋಳಿಗೆ ಬಾಯಿ ಒಣಗಿರತ್ತೆ ಕಣೇ” ಅನ್ನುವರು ಅಪ್ಪ. ಹಿಡಿದವಳಿಗೆ ಕೈ ನೋಯುವುದಿಲ್ಲವೇ? ಅಂಥ ಹೊತ್ತಿನಲ್ಲಿ ನಾನು ದೇವರ ಮುಂದೆ ನಿಂತು ಬೇಡಿಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸುಜಿಗೆ ನೆಗಡಿ ಬರಲಿ ಎಂಬುದು ಅದರಲ್ಲಿ ತೀರ ಸೌಮ್ಯವಾದದ್ದು. ಅವಳಿಗೆ ನೆಗಡಿ ಬರಲೂ ಇಲ್ಲ. ಅದೂ ಒಂದು ದಯೆ ಎಂದು ಈಗ ಅನ್ನಿಸುತ್ತದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆಫೀಸು ಮುಚ್ಚಿತು, ಅಂಗಡಿಗಳು ಖಾಲಿಯಾದವು, ಒಬ್ಬೊಬ್ಬರೇ ಊರಿನ ದಾರಿ ಹುಡುಕತೊಡಗಿದರು. ನಮ್ಮೆರಡು ಮನೆಯವರು ಒಂದೇ ಬಸ್ಸಿನಲ್ಲಿ ಹೊರಡುವುದೆಂದಾಯಿತು. ಅಪ್ಪ ಬಟ್ಟೆಗಳ ನಡುವೆ ಆ ಕಾಗದದ ಕಟ್ಟು ಇಡುತ್ತಿದ್ದುದನ್ನು ಸುಂದರಣ್ಣ ನೋಡಿದರು.

“ಇದು ಬೇಡ ಸಾರ್. ದಾರಿಯಲ್ಲಿ ಬ್ಯಾಗ್ ಎಲ್ಲ ಬಿಚ್ಚಿ ನೋಡ್ತಾರಂತೆ. ಹೆಜ್ಜೆ, ಬೆಟ್ಟ, ನೀರು… ಮ್ಯಾಪ್ ಅಂತ ಹಿಡಿದ್ರೆ ಎಂತ ಹೇಳ್ತೀರಿ? ಪದ್ಯ ಅಂತವಾ?”

“ಪದ್ಯವೇ ಅಲ್ವೇನ್ರೀ?”

“ನಿಮಗೆ ಗೊತ್ತುಂಟು, ನನಗೆ ಗೊತ್ತುಂಟು. ಕೋವಿ ಹಿಡಿದವನಿಗೆ ಗೊತ್ತಿಲ್ಲ.”

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಬೆಂಕಿಪೆಟ್ಟಿಗೆ ತಂದು ಕೊಟ್ಟಳು. ಸಂಜೆಯ ಬಿಸಿಲಿನಲ್ಲಿ ತಾರಸಿಯ ಮೇಲೆ ಎಣ್ಣೆ ಡಬ್ಬವೊಂದರಲ್ಲಿ ಬೆಂಕಿ ಹಾಕಿದರು. ಯಾವಾಗಿನ ಹಾಗೆ ನಾನೇ ಮಡಿಕೆ ಹಿಡಿದುಕೊಂಡೆ. ಒಂದೊಂದೇ ಬಿಡಿಸಿ ಕೊಟ್ಟೆ. ಹಕ್ಕಿ ಕಪ್ಪಾಗಿ ಸುರುಟಿತು, ಹೆಜ್ಜೆಗಳು ಸುರುಟಿದವು. ಕೊನೆಯ ಮಡಿಕೆ ನನ್ನ ಹೆಬ್ಬೆರಳಿನ ಕೆಳಗೆ ಇನ್ನೂ ಇದ್ದಾಗಲೇ ಬಿಸಿ ತಾಗಿತು, ಬಿಟ್ಟುಬಿಟ್ಟೆ. “ಅಲ್ಲಿ ಮೆಕ್ಸಿಕೋದಲ್ಲಿ ಅವರ ಪುಸ್ತಕ ಸುಟ್ಟೋರು ಸ್ಪೇನಿನೋರು, ಬೇರೆಯೋರು. ಇಲ್ಲಿ ನಮ್ಮದನ್ನ ನಾವೇ ಸುಡ್ತಿದೀವಿ” ಅಂದರು ಅಪ್ಪ. ಆಮೇಲೆ, ತಮಗೇ ಸಮಾಧಾನ ಹೇಳಿಕೊಳ್ಳುವ ಹಾಗೆ ಮುಂದಿನ ಕಥೆ ಹೇಳಿದರು. ಆ ಊರಿನಲ್ಲಿ ಪುಸ್ತಕಗಳೆಲ್ಲ ಬೂದಿಯಾದ ಮೇಲೆ ಒಬ್ಬ ಪಾದ್ರಿ, ಎರಡೂ ಭಾಷೆ ಬಲ್ಲ ಅಲ್ಲಿನವರನ್ನೇ ಜೊತೆಗಿಟ್ಟುಕೊಂಡು, ಮುದುಕರನ್ನು ಕೂರಿಸಿ ಕೇಳಿ ಕೇಳಿ ಬರೆಸಿದನಂತೆ. ಇವತ್ತಿನ ಪಂಡಿತರು ಓದುವುದು, ಇದು ಪದ್ಯ ಕಟ್ಟುತ್ತಿದ್ದ ಅವರ ರಾಜನೇ ಕಟ್ಟಿದ್ದೋ ಆಮೇಲಿನವರು ಸೇರಿಸಿದ್ದೋ ಎಂದು ಜಗಳವಾಡುವುದು, ಹೀಗೆ ಬಾಯಿಂದ ಉಳಿದವುಗಳನ್ನು ಇಟ್ಟುಕೊಂಡೇ ಅಂತೆ. ಅಲ್ಲಿನ ಈಗಿನ ಕವಿಗಳೂ ತಮ್ಮ ಪದ್ಯದೊಳಕ್ಕೆ ಆ ಹಳೆಯ ಹೂಗಳನ್ನೇ ಕರೆದುಕೊಳ್ಳುತ್ತಾರಂತೆ. ಇಷ್ಟು ಹೇಳಿ ಅಪ್ಪ ಸುಜಿಯ ತಲೆ ಮೇಲೆ ಕೈಯಿಟ್ಟರು. “ಇನ್ಮೇಲೆ ನೀನೇ ನನ್ನ ಮುದುಕಿ. ಎಲ್ಲಾ ನಿನ್ನ ತಲೇಲಿರ್ಲಿ, ಆಯ್ತಾ?” ನಾನು ಮಸಿ ಹತ್ತಿದ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದೆ.

ಬಸ್ಸು ಬಸ್ರಾ ದಾಟಿ, ಬಾಗ್ದಾದ್ ದಾಟಿ ನಮ್ಮನ್ನು ಜೋರ್ಡಾನಿನ ಗಡಿಯ ಡೇರೆಗಳಲ್ಲಿ ಇಳಿಸಿತು. ನೀರಿನ ಲಾರಿಗೆ ಕಾಯುವಾಗ ಅಪ್ಪ ಸುಜಿಯಿಂದ ಹಾಡಿಸುತ್ತಿದ್ದರು. ಮರಳು ಮೆತ್ತಿದ ಮುಖದ ಜನ, ಭಾಷೆ ತಿಳಿಯದವರೂ, ಸುತ್ತ ಕೂತು ಕೇಳುತ್ತಿದ್ದರು. “ಹೊಟ್ಟೆಗಿಲ್ಲದೋರ ಮುಂದೆ ಹೂವಿನ ಹಾಡು” ಎಂದು ಅಮ್ಮ ಗೊಣಗಿದರೂ ಕಣ್ಣು ಒರೆಸಿಕೊಂಡಳು. ನನ್ನ ಕೈಗಳಿಗೆ ಮಾತ್ರ ಹಿಡಿಯಲು ಏನೂ ಇರಲಿಲ್ಲ. ಎಲ್ಲರೂ ಏನೇನೋ ಕಳೆದುಕೊಂಡು ಬಂದಿದ್ದರು. ನಾನು ಕಳೆದುಕೊಂಡದ್ದು ಅಪ್ಪನ ಪಕ್ಕದಲ್ಲಿ ಕೂರುವ ಜಾಗ. ಎಲ್ಲರೂ ಜೀವಸಹಿತ ಬಂದೆವಲ್ಲ ಎಂದು ಆಮೇಲೆ ಎಷ್ಟೋ ಹರಕೆ ತೀರಿಸಿದೆವು, ಆದರೂ ಆ ಜಾಗ ನನಗೆ ಮರೆಯಲಿಲ್ಲ.

ಅವರು ಉಡುಪಿಗೆ ಹೋದರು, ನಾವು ಮೈಸೂರಿಗೆ ಬಂದೆವು. ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ಅಪ್ಪ ಒಬ್ಬರೇ ಕುವೈತಿಗೆ ಕೆಲಸಕ್ಕೆ ಹಿಂತಿರುಗಿದರು. ಎಣ್ಣೆಬಾವಿಗಳ ಹೊಗೆಯಿಂದ ಹಗಲೂ ಕತ್ತಲಾಗಿದೆ, ನಮ್ಮ ಮನೆಗೆ ಕಿಟಕಿಯೂ ಇಲ್ಲ, ದೇವರ ಗೂಡೂ ಇಲ್ಲ ಎಂದು ಫೋನಿನಲ್ಲಿ ಹೇಳಿದರು. ರಜೆಗೆ ಬಂದಾಗಲೆಲ್ಲ ಆ ಪದ್ಯಗಳನ್ನು ಬರೆದಿಡಲು ಕೂರುವರು. ನಾಲ್ಕು ಸಾಲಾದ ಮೇಲೆ ಪೆನ್ನು ನಿಲ್ಲುವುದು. “ಸುಜಿ ಇರಬೇಕಿತ್ತು” ಎಂದು ಏಳುವರು. ಎದುರಿಗೆ ಕಾಫಿ ಲೋಟ ಹಿಡಿದು ನಿಂತವಳು ನಾನು. ಅಪ್ಪ ತೀರಿಹೋದರು, ಅಮ್ಮನೂ ಹೋದಳು. ಕುವೈತಿನಲ್ಲೇ ಬಿಟ್ಟುಬಂದ ಇಂಗ್ಲಿಷಿನ ಆ ಪುಸ್ತಕ ಎಲ್ಲಾದರೂ ಸಿಕ್ಕೀತು. ಅಪ್ಪನ ಕನ್ನಡ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಈ ವರ್ಷ ಅಪ್ಪನ ತಿಥಿ ಮುಗಿದ ಮೇಲೆ ತಡೆಯಲಾರದೆ ನಾನೇ ಸುಜಿಗೆ ಫೋನ್ ಮಾಡಿದೆ. ಹಾಡಲು ಹೇಳಿ, ಬರೆದುಕೊಳ್ಳೋಣ ಎಂದು ಸ್ಪೀಕರ್ ಹಾಕಿ ಫೋನನ್ನು ಅಪ್ಪನ ಫೋಟೋದ ಮುಂದೆ ಇಟ್ಟೆ. ಶುರುಮಾಡಿದಳು. ಕಂಠ ಸ್ವಲ್ಪ ಒಡೆದಿದೆ. ಆದರೆ ಮೂರನೆಯ ಸಾಲಿಗೆ ಮುಂಚೆ ಅವಳು ಗಂಟಲು ಸರಿಮಾಡಿಕೊಂಡಳು ನೋಡಿ, ಅಪ್ಪ ಒಳಗಿನ ಕೋಣೆಯಿಂದ ಎದ್ದು ಬಂದ ಹಾಗಾಯಿತು. ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು. ಅಪ್ಪನ ಮಗಳು ನಾನು, ಅಪ್ಪನ ಗಂಟಲು ಅವಳ ಹತ್ತಿರ.

ನಡುವೆ ನಿಲ್ಲಿಸಿದಳು. “ಮುಂದೆ ಎಂತದು ಮಾರಾಯ್ತಿ? ಎಲ್ಲ ಕಲಸಿಹೋಗಿದೆ.”

ನನಗೆ ಮಾತು ಒಂದೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಕೈಗಳು ತಾವಾಗಿಯೇ ಅಗಲವಾಗಿ, ಒಂದು ಮಡಿಕೆ ಬಿಡಿಸಿದವು. “ಡೋಲು ಆಯ್ತಲ್ಲ, ಆಮೇಲೆ ಹಕ್ಕಿ. ಹಸಿರು ಹಕ್ಕಿ, ಬಾಲ ಉದ್ದ” ಅಂದೆ.

“ಹಾಂ, ಬಂತು ಬಂತು” ಎಂದು ಎತ್ತಿಕೊಂಡಳು. ನಿಂತಲ್ಲೆಲ್ಲ ನಾನು ಹೇಳುತ್ತ ಹೋದೆ. ಹೆಜ್ಜೆ, ನೀರು, ಬೆಟ್ಟ, ಮುರಿದ ಹಸಿರು ಕಲ್ಲು. ಕಣ್ಣು ಮುಚ್ಚಿ ಹಾಡಿದವಳಿಗೆ ಚಿತ್ರ ಗೊತ್ತಿಲ್ಲ, ಮಡಿಕೆ ಹಿಡಿದವಳಿಗೆ ಮಾತು ಗೊತ್ತಿಲ್ಲ. ಹೀಗೆ ಬಿಡಿಸಿ ಬಿಡಿಸಿ ಅಪ್ಪನ ಪದ್ಯಗಳಷ್ಟೂ ಕನ್ನಡದಲ್ಲಿ ಕಾಗದಕ್ಕೆ ಇಳಿದವು.

“ಅಷ್ಟೇಯಾ? ಮತ್ತೆಂತಾದ್ರೂ ಉಂಟಾ?” ಎಂದು ಕೇಳಿದಳು.

ಇನ್ನೊಂದು ಇತ್ತು. ಅಪ್ಪ ಯಾವಾಗ ಬರೆದಿದ್ದರೋ ತಿಳಿಯದು, ತಾರಸಿಯ ಮೇಲೆ ಬಿಸಿ ತಾಗಿ ಹೆಬ್ಬೆರಳು ಸರಿದಾಗ ಅರೆಗಳಿಗೆ ಕಂಡದ್ದು. ಕೊನೆಯ ಮಡಿಕೆಯ ಮೂಲೆಯಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಕೈಯಲ್ಲಿ ಮಡಿಕೆಯ ಕಾಗದ. ಸುರುಳಿ ಬಾಯಿಂದ ಹೊರಟಿರಲಿಲ್ಲ, ಆ ಕೈಗಳಿಂದ ಹೊರಟಿತ್ತು. ಅದರ ತುದಿಗೆ ಹೂವಿತ್ತು.

“ಇಲ್ಲ ಸುಜೀ, ಖಲಾಸ್” ಅಂದೆ.

ಪೆನ್ನು ಕೆಳಗಿಟ್ಟಿದ್ದ ನನ್ನ ಕೈಗಳು ಅವಳು ಫೋನಿಟ್ಟ ಮೇಲೂ ಆ ಕಾಗದದಷ್ಟೇ ಅಗಲಕ್ಕೆ ಚಾಚಿಕೊಂಡಿದ್ದವು. ಅಪ್ಪನ ಮುಂದಿನ ದೀಪದ ಬೆಳಕಿನಲ್ಲಿ ಅವುಗಳನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಆಮೇಲೆ, ಮಡಚಿದೆ.